ಸೋದರಮಾವನ ಮೊದಲ ತುತ್ತು

ಹದಿನೆಂಟು ವರ್ಷ ಧಾರವಾಡದ ಹೊಟ್ಟೆ ತುಂಬಿಸಿಕೊಂಡು ಬಂದ ಸಿದ್ದಪ್ಪನ ಮಾನವನ್ನು, ಏಳು ಕಿಲೋ ಕೂಡ ತೂಗದ ಒಬ್ಬ ಹೆಣ್ಣುಮಗಳು ಒಂದು ಭಾನುವಾರ ಹಾಡಹಗಲೇ, ನಲವತ್ತು ಜನ ಬೀಗರ ಎದುರು, ಬಾಯಿ ಮುಚ್ಚಿಕೊಂಡೇ ಕಳೆದಳು. ಬಾಯಿ ತೆರೆದು ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದ. ಬೈಗುಳ ಅವನಿಗೆ ಹೊಸದಲ್ಲ. ಖಾನಾವಳಿ ನಡೆಸುವವನಿಗೆ ರೊಟ್ಟಿ ತಡವಾದರೆ ಒಂದು, ಪಲ್ಯ ಮುಗಿದರೆ ಇನ್ನೊಂದು, ದಿನಕ್ಕೆ ನಾಲ್ಕಾದರೂ ಇದ್ದದ್ದೇ. ಆದರೆ ತಾನು ಊಟ ಮುಂದಿಟ್ಟಾಗ ಬಾಯಿ ಮುಚ್ಚಿದವರನ್ನು ಅವನು ಆವರೆಗೆ ಕಂಡಿರಲಿಲ್ಲ.

ಆ ಹೆಣ್ಣುಮಗಳ ಹೆಸರು ದಾನೇಶ್ವರಿ. ವಯಸ್ಸು ಆರು ತಿಂಗಳು, ಎರಡು ದಿನ. ವಾಸ ಧಾರವಾಡದಿಂದ ಬಸ್ಸಿಗೆ ಅರ್ಧ ಗಂಟೆ ದೂರದ ಉಣಕಲ್ಲಿನಲ್ಲಿ, ಕೆರೆಯಿಂದ ಎರಡು ಓಣಿ ಆಚೆ. ಸಿದ್ದಪ್ಪನ ಒಬ್ಬಳೇ ತಂಗಿ ಉಮಾಶ್ರೀಯ ಚೊಚ್ಚಲ ಮಗಳು, ಅಂದರೆ ಸಿದ್ದಪ್ಪನಿಗೆ ಸೊಸೆ. (ನಮ್ಮ ಕಡೆ ತಂಗಿಯ ಮಗಳು ಹುಟ್ಟಿದ ದಿನದಿಂದಲೇ ಸೊಸೆ. ಅದಕ್ಕೆ ಅವಳ ಒಪ್ಪಿಗೆ ಕೇಳುವ ರೂಢಿ ಇಲ್ಲ.)

ಸಿದ್ದಪ್ಪನ ಖಾನಾವಳಿ ಧಾರವಾಡದಲ್ಲಿ, ಕೋಚಿಂಗ್ ಸೆಂಟರುಗಳ ಸಾಲಿನಲ್ಲಿದೆ. ಅಲ್ಲಿ ಒಮ್ಮೆ ತಾಟಿನ ಮುಂದೆ ಕುಳಿತವರು ತಾವಾಗಿ ಏಳುವಂತಿಲ್ಲ, ಸಿದ್ದಪ್ಪನೇ ಏಳಿಸಬೇಕು. "ಸಾಕ್ರಿ" ಅಂದವರಿಗೆ ಒಂದು ರೊಟ್ಟಿ. "ಬ್ಯಾಡ್ರಿ" ಅಂದವರಿಗೆ ಎರಡು. ಕೈ ಅಡ್ಡ ಹಿಡಿದವರಿಗೆ ಬೆರಳ ಸಂದಿಯಿಂದಲೇ ಎಣ್ಣೆಗಾಯಿ ಬಿಡುವ ವಿದ್ಯೆ ಅವನಿಗೆ ಕರಗತ. ನಲವತ್ತು ವರ್ಷವಾದರೂ ಮದುವೆಯಾಗಿಲ್ಲ. ಹೆಣ್ಣು ನೋಡಲು ಹೋದ ಕಡೆಯೆಲ್ಲ ಉಪ್ಪಿಟ್ಟಿನಲ್ಲಿ ಏನು ತಪ್ಪಾಗಿದೆ ಎಂದು ಹೇಳಿ ಬರುತ್ತಿದ್ದ.

ತಮಾಷೆ ಒತ್ತಟ್ಟಿಗಿರಲಿ, ಈ ತಂಗಿ ಅವನಿಗೆ ಜೀವ. ತಾಯಿ-ತಂದೆ ಒಂದೇ ವರ್ಷದಲ್ಲಿ ತೀರಿಕೊಂಡಾಗ ಅವನಿಗೆ ಇಪ್ಪತ್ತೆರಡು, ಅವಳಿಗೆ ಒಂಬತ್ತು. ಅವಳ ಹೊಟ್ಟೆ ತುಂಬಿಸಲೆಂದೇ ಒಲೆ ಹಚ್ಚಿದವನು, ನಾಲ್ಕು ರೊಟ್ಟಿ ಹೆಚ್ಚಾಗಿ ಉಳಿದವೆಂದು ಖಾನಾವಳಿ ತೆರೆದ. ಈಗ ಅವಳ ಮಗಳ ಬಾಯಿಗೆ ಮೊದಲ ಅನ್ನವನ್ನು ತಾನು ಇಡಬೇಕು ಎಂದಾಗ ಅವನಿಗೆ ಹಿಂದಿನ ವಾರವೆಲ್ಲ ನಿದ್ದೆಯೇ ಹತ್ತಿರಲಿಲ್ಲ.

ಯಾಕೆಂದರೆ ಉಮಾಶ್ರೀಯ ಅತ್ತೆ ಚನ್ನಬಸವ್ವನ ಮನೆತನದಲ್ಲಿ ಪದ್ಧತಿ ಖಡಕ್ಕಾಗಿತ್ತು. ಕೂಸಿನ ಬಾಯಿಗೆ ಮೊದಲ ಅನ್ನ ಬೀಳುವುದು ಸೋದರಮಾವನ ಕೈಯಿಂದ. ಅದು ಬೀಳುವ ತನಕ ಹೆತ್ತ ತಾಯಿಯೂ ಚಮಚ ಮುಟ್ಟುವ ಹಾಗಿಲ್ಲ.

ಜಗಳದ ಮೊದಲ ಕಿಡಿ ಹಾರಿದ್ದು ಹಿಂದಿನ ದಿನ, ಫೋನಿನಲ್ಲಿ.

"ಅಣ್ಣಾ, ಅಕ್ಕಿ, ಹೆಸರಬ್ಯಾಳಿ ಮೆತ್ತಗ ಬೇಯಿಸಿ ಛಂದಂಗ ಕಿವುಚು. ಬಾಳ ನೀರ ಮಾಡಬ್ಯಾಡ, ಚಮಚದಿಂದ ಹರದ ಹೋಗಬಾರದು. ಮ್ಯಾಲ ಒಂದೀಟು ತುಪ್ಪ. ಅಷ್ಟ. ಉಪ್ಪು ಹಾಕಬ್ಯಾಡ."

"ಏನಂದಿ?"

"ಉಪ್ಪು ಹಾಕಬ್ಯಾಡ ಅಂದೆ. ಸಕ್ಕರಿ, ಬೆಲ್ಲ, ಜೇನುತುಪ್ಪ ಏನೂ ಬ್ಯಾಡ. ವರ್ಷ ತುಂಬೂತನಾ ಬ್ಯಾಡ ಅಂತ ಡಾಕ್ಟರ್ ಹೇಳ್ಯಾರ."

"ಉಪ್ಪಿಲ್ಲದ್ದಕ್ಕ ಅಡಿಗಿ ಅನ್ನೂದಿಲ್ಲ ಉಮಾ. ಔಷಧ ಅಂತಾರ."

"ಹಂಗಾರ ಔಷಧ ಅಂತ ತಿಳಕೊಂಡ ಮಾಡು."

"ನಿನಗ ನಾ ಉಣಿಸಿ ಬೆಳಸಿಲ್ಲೇನು? ಉಪ್ಪು, ಖಾರ ಎಲ್ಲಾ ಹಾಕಿದ್ದೆ. ಏನಾಗೇತಿ ನಿನಗ?"

"ನೀ ಉಣಸಾಕ ಚಾಲೂ ಮಾಡಿದಾಗ ನನಗ ಒಂಬತ್ತು ವರ್ಷ ಆಗಿತ್ತಣ್ಣಾ."

ಸಿದ್ದಪ್ಪ ಫೋನ್ ಇಟ್ಟ.

ಭಾನುವಾರ ಖಾನಾವಳಿಗೆ ಬೀಗ ಹಾಕಿ, ಹೊಸ ಧೋತರ, ಬಿಳಿ ಜುಬ್ಬಾ ತೊಟ್ಟು, ಬೆಳ್ಳಿ ಬಟ್ಟಲಿನಲ್ಲಿ ಆ ಔಷಧವನ್ನು ಹಿಡಿದು ಉಣಕಲ್ಲಿಗೆ ಬಂದ. ಕೂಸನ್ನು ಅವನ ತೊಡೆಯ ಮೇಲೆ ಕೂರಿಸಿದರು. ಆರತಿಯಾಯಿತು. ಸಿದ್ದಪ್ಪ ಬೆಳ್ಳಿ ಚಮಚದ ತುದಿಯಲ್ಲಿ ಹುಣಸೆಬೀಜದಷ್ಟು ಅನ್ನ ತೆಗೆದು, "ಆ ಅನ್ನವ್ವಾ, ಆ" ಎಂದ. ದಾನೇಶ್ವರಿ ಅವನ ಮೀಸೆ ನೋಡಿದಳು, ಕಿವಿ ನೋಡಿದಳು, ಮೇಲೆ ತಿರುಗುವ ಫ್ಯಾನು ನೋಡಿದಳು. ಚಮಚವನ್ನು ಮಾತ್ರ ನೋಡಲಿಲ್ಲ. ತುಟಿಗೆ ತಾಗಿಸಿದ. ತುಟಿ ಬಿಗಿಯಾಯಿತು. ಹದಿನೆಂಟು ವರ್ಷದ ಅನುಭವವನ್ನೆಲ್ಲ ಒಟ್ಟುಗೂಡಿಸಿ ಸಂದಿಯಲ್ಲಿ ಒಂದಿಷ್ಟು ತೂರಿಸಿದ. ಅವಳ ನಾಲಿಗೆ ಅದನ್ನು ಹಾಗೆಯೇ ಹೊರಗೆ ಕಳಿಸಿತು. ಅದು ಬಿಳಿ ಜುಬ್ಬಾದ ಎದೆಯ ಮೇಲೆ ಬಂದು ಕುಳಿತಿತು.

"ಮಾವನ ಅಡಗಿಗೆ ಉಪ್ಪು ಕಮ್ಮಿ ಬಿದ್ದೇತಿ ಅನಸ್ತೈತಿ," ಎಂದು ಹಿಂದಿನಿಂದ ಯಾರೋ ಅಂದರು.

ನಲವತ್ತು ಜನರೂ ನಕ್ಕರು. ಸಿದ್ದಪ್ಪನಿಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು, ಆದರೆ ಅವತ್ತು ಯಾರೂ ಬಾಯಿ ಬಿಡುವ ಹಾಗೆ ಕಾಣಲಿಲ್ಲ. ಅವನು ಎದ್ದು ನಿಂತ.

"ನಗ್ರಿ. ಹೊಟ್ಟಿ ತುಂಬ ನಗ್ರಿ. ಈ ಕೂಸು ಉಂಡರ ನನ್ನ ಕೈಯಿಂದನ ಉಣ್ಣತೈತಿ. ಅಲ್ಲೀತನಾ ಈ ಮನ್ಯಾಗ ಯಾರೂ ಚಮಚ ಮುಟ್ಟಂಗಿಲ್ಲ."

"ಖರೇ ಮಾತು. ಅದ ಪದ್ಧತಿ," ಎಂದಳು ಚನ್ನಬಸವ್ವ.

"ಪದ್ಧತಿ ಇರ್ಲಿ ಅತ್ತೀ," ಎಂದಳು ಉಮಾಶ್ರೀ. "ಆರು ತಿಂಗಳು ತುಂಬಿದ ಮ್ಯಾಲ ಬರೇ ಎದಿಹಾಲು ಸಾಲೂದಿಲ್ಲ, ತಡ ಮಾಡಬ್ಯಾಡ್ರಿ ಅಂದಾರ ಡಾಕ್ಟರು. ಅಣ್ಣಾ, ಶುಕ್ರವಾರತನಾ ನಿನಗ ಟೈಮ್. ಶನಿವಾರ ಮುಂಜಾನೆ ನಾನ ತಿನಸಾಕ ಕುಂದರ್ತೇನಿ. ಆಗ ಪದ್ಧತಿ ಗಿದ್ಧತಿ ಅನಬ್ಯಾಡ."

"ಶುಕ್ರವಾರ ಯಾಕ? ನಾಳಿಗೇ ತಿಂತಾಳ."

ಉಮಾಶ್ರೀಯ ಗಂಡ ವಿಶಾಲ ಜೇಬಿಗೆ ಕೈ ಹಾಕಿದ. ಇಂಥ ಹೊತ್ತಿನಲ್ಲಿ ಅವನಿಗೆ ಮೊಬೈಲಿನಲ್ಲಿ ಯಾವಾಗಲೂ ಜರೂರಿ ಕೆಲಸ ಬರುತ್ತದೆ.

ಹೀಗೆ ಸಿದ್ದಪ್ಪನ ಧರ್ಮಯುದ್ಧ ಆರಂಭವಾಯಿತು. ಸೋತರೆ ಏನು ಹೋಗುತ್ತದೆ ಎಂದು ನೀವು ಕೇಳಬಹುದು. ಎಲ್ಲವೂ ಹೋಗುತ್ತದೆ. ಆ ಕೂಸಿಗೆ ಮೊದಲ ತುತ್ತು ಇಟ್ಟ ಸೋದರಮಾವ ಎಂಬ ಒಂದೇ ಒಂದು ಪಟ್ಟ ಅವನಿಗೆ ಈ ಲೋಕದಲ್ಲಿ ಬಾಕಿ ಇತ್ತು, ಅದು ಜುಬ್ಬಾದ ಮೇಲೆ ಬಿದ್ದ ಅನ್ನದ ಜೊತೆ ತೊಳೆದು ಹೋಗುವುದರಲ್ಲಿತ್ತು.

ಸೋಮವಾರ ಅವನು ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಏಳು ಅಂತಸ್ತಿನ ಸ್ಟೀಲ್ ಡಬ್ಬಿ ಹಿಡಿದು ಬಂದ. ಅನ್ನಬೇಳೆ, ಗೆಣಸು, ಕುಂಬಳಕಾಯಿ, ಕ್ಯಾರೆಟ್, ಬಾಳೆಹಣ್ಣು, ರವೆ ಗಂಜಿ, ರಾಗಿ ಗಂಜಿ. ಎಲ್ಲವೂ ಗಂಧದಂತೆ ಅರೆದದ್ದು.

"ಇದೇನಣ್ಣಾ, ಲಗ್ನದ ಊಟ? ಒಂದೊಂದ ಪದಾರ್ಥ ರೂಢಿ ಮಾಡಸಬೇಕು. ಒಂದು ಚಾಲೂ ಮಾಡಿದರ ಮೂರು ದಿನ ಅದನ್ನ ಕೊಟ್ಟು, ಹೊಟ್ಟಿಗೆ ಒಗ್ಗತೈತೋ ಇಲ್ಲೋ ನೋಡಬೇಕು."

"ಒಂದ ಪದಾರ್ಥದ ಊಟ ಹಾಕಿದರ ನಮ್ಮ ಗಿರಾಕಿ ತಾಟ ಎತ್ತಿ ಒಗೀತಾರ."

"ಈಕಿ ಏಳು ಪದಾರ್ಥಕ್ಕ ಒಗೀತಾಳ, ನೋಡ್ತಿರು."

ಸಿದ್ದಪ್ಪ ಹಟ ಬಿಡಲಿಲ್ಲ. ಖಾನಾವಳಿಯ ಶಿಸ್ತಿನಂತೆ ಹನ್ನೆರಡಕ್ಕೆ ಸರಿಯಾಗಿ ಚಮಚ ಎತ್ತಿದ. ಹನ್ನೊಂದೂವರೆಗೆ ಎದೆಹಾಲು ಕುಡಿದು ಮುಗಿಸಿದ್ದ ದಾನೇಶ್ವರಿಗೆ ಅರೆನಿದ್ದೆ. ಆಕಳಿಸಿದಾಗ ಬಾಯಿ ತೆರೆದೇ ತೆರೆಯುತ್ತದೆ ಎಂಬ ಲೆಕ್ಕಾಚಾರದಲ್ಲಿ ಅವನು ಇಪ್ಪತ್ತು ನಿಮಿಷ ಚಮಚ ಹಿಡಿದು ಹೊಂಚು ಹಾಕಿ ಕುಳಿತ. ಬಾಯಿ ತೆರೆಯಿತು. ಚಮಚ ಮುಂದೆ ಸಾಗಿತು. ಅದು ಆಕಳಿಕೆಯಲ್ಲ, ಸೀನು. ಕುಂಬಳಕಾಯಿ ಮೀಸೆಯಲ್ಲಿ ಹಂಚಿಹೋಯಿತು.

ಮಂಗಳವಾರ ಬೆಳಿಗ್ಗೆ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಮಾಳವ್ವ ಕಾರಣ ಕಂಡುಹಿಡಿದು ಹೇಳಿದಳು. "ನಿಮ್ಮ ಕೈಗೆ ಬಳ್ಳೊಳ್ಳಿ ವಾಸನಿ ಐತ್ರಿ ಮಾಲಕರ. ನೀವು ಮೈ ಸವರಾಕ ಬಂದರ ನಮ್ಮನಿ ಎಮ್ಮಿನೂ ದೂರ ಸರೀತೈತಿ."

ಸಿದ್ದಪ್ಪ ಲಿಂಬೆಹಣ್ಣಿನಿಂದ ಕೈ ತಿಕ್ಕಿದ, ಕಡಲೆಹಿಟ್ಟಿನಿಂದ ತಿಕ್ಕಿದ, ಬೂದಿಯಿಂದ ತಿಕ್ಕಿದ. ಕೈಯ ಜೊತೆಗೆ ಮೀಸೆಯ ಮೇಲೂ ಅನುಮಾನ ಬಂದು, ಬಸ್ಸು ಹತ್ತುವ ಮೊದಲು ಅದನ್ನು ಪೂರ್ತಿ ತೆಗೆಸಿಬಿಟ್ಟ. ಇಪ್ಪತ್ತು ವರ್ಷದ ಮೀಸೆ. ಉಣಕಲ್ಲಿನಲ್ಲಿ ಬಾಗಿಲು ತೆಗೆದ ಚನ್ನಬಸವ್ವ "ಯಾರು ಬೇಕ್ರಿ" ಎಂದಳು. ಕೂಸಂತೂ ಈ ಅಪರಿಚಿತನನ್ನು ನೋಡಿ ಎಂಥ ಕಿರುಚಾಟ ಎಬ್ಬಿಸಿತೆಂದರೆ, ಅವತ್ತು ಡಬ್ಬಿಯ ಮುಚ್ಚಳವನ್ನೂ ತೆರೆಯಲಾಗಲಿಲ್ಲ. ಬಾಯಿ ಮಾತ್ರ ಸೊಗಸಾಗಿ ತೆರೆದಿತ್ತು.

ಬುಧವಾರ ಸಿದ್ದಪ್ಪ ಪಾಪದ ದಾರಿ ಹಿಡಿದ. ಅನ್ನಬೇಳೆಯ ಬಟ್ಟಲು ಮುಂದಿಟ್ಟಾಗ ಉಮಾಶ್ರೀ ಬೆರಳ ತುದಿಯಿಂದ ಒಂಚೂರು ನಾಲಿಗೆಗೆ ಹಚ್ಚಿದಳು.

"ಅಣ್ಣಾ, ಉಪ್ಪು ಹಾಕೀದಿ."

"ಇಲ್ಲ."

"ನಿನ್ನ ಕೈಯಾನ ಉಪ್ಪು ತಿಂದ ಬೆಳದಾಕಿ ನಾನು. ನನಗ ಗೊತ್ತಾಗಂಗಿಲ್ಲೇನು?"

"ಚಿಟಿಕಿ ಅಷ್ಟ ಹಾಕೇನಿ. ಉಪ್ಪಿಲ್ಲದ್ದು ಕೂಸಿನ ಮುಂದ ಇಡಾಕ ನನಗ ನಾಚಿಕಿ ಬರತೈತಿ. ನಾಳೆ ದೊಡ್ಡಾಕಿ ಆಗಿ, ನಮ್ಮ ಮಾವ ನನಗ ಎಂಥಾದ್ದು ತಿನ್ನಿಸಿದ್ದ ಅಂತ ಕೇಳಿದರ ಏನ ಹೇಳ್ಲಿ?"

"ಅಕಿ ಮೂತ್ರಪಿಂಡ ಇನ್ನೂ ಬೆರಳಷ್ಟ ಅದಾವ. ನಿನ್ನ ನಾಚಿಕಿ ಸಲುವಾಗಿ ಅವು ದುಡೀಬೇಕೇನು?"

ಬಟ್ಟಲು ಅಲ್ಲಿಂದ ಎತ್ತಂಗಡಿಯಾಗಿ ವಿಶಾಲನ ಕೈ ಸೇರಿತು. ಅವನು ಮೊಬೈಲಿನಿಂದ ಕಣ್ಣು ತೆಗೆಯದೆ ಅದನ್ನು ಖಾಲಿ ಮಾಡಿ, "ಛಲೋ ಆಗೇತಿ" ಎಂದ. ಇಡೀ ವಾರದಲ್ಲಿ ಸಿದ್ದಪ್ಪನಿಗೆ ಸಿಕ್ಕ ಹೊಗಳಿಕೆ ಅದೊಂದೇ.

ಗುರುವಾರ ಅವನು ಹೋದಾಗ ಆಶಾ ಕಾರ್ಯಕರ್ತೆ ಅಮೀನಾಬಿ ಬಂದು ಕುಳಿತಿದ್ದಳು. ಆ ಓಣಿಯ ಕೂಸುಗಳಿಗೆಲ್ಲ ಲಸಿಕೆಯ ತಾರೀಕು ನೆನಪಿಸುವವಳು ಅವಳೇ. ಸಿದ್ದಪ್ಪ ಕೂಸಿನ ಗಲ್ಲ ಹಿಡಿದು, ಕೆಳಗಿನ ತುಟಿ ಒತ್ತಿ, ಚಮಚ ತುರುಕುವ ಪ್ರಯತ್ನವನ್ನು ಅವಳು ಸ್ವಲ್ಪ ಹೊತ್ತು ನೋಡಿದಳು.

"ಅಣ್ಣಾರ, ಏನ ಮಾಡಾಕತ್ತೀರಿ?"

"ಊಟ ಮಾಡಸಾಕತ್ತೇನಿ."

"ನನಗ ಹಲ್ಲು ಕೀಳಾಕತ್ತೀರಿ ಅನಿಸ್ತು. ಒತ್ತಾಯ ಮಾಡಬಾರದ್ರಿ. ಹಿಂಗ ಮಾಡಿದರ ಚಮಚ ಕಂಡರ ಸಾಕು, ಅಳತಾವ."

"ನೋಡ್ರಿ ಅಕ್ಕಾರ, ನಾ ದಿನಾ ಮುನ್ನೂರು ಮಂದಿಗೆ ಉಣಸಾಂವ. ಉಣಿಸೂದ ಹೆಂಗಂತ ನನಗ ಹೇಳಬ್ಯಾಡ್ರಿ."

"ನಿಮ್ಮ ಮುನ್ನೂರು ಮಂದಿ ಹಸಿವಿ ಆದ ಮ್ಯಾಲ ಎದ್ದು ನಿಮ್ಮ ಬಾಗಲಕ ಬರ್ತಾರ. ಈಕಿ ಎಲ್ಲಿ ಬಂದಾಳ? ನೀವ ಬಂದೀರಿ, ಅದೂ ಆಕಿ ಹೊಟ್ಟಿ ತುಂಬಿದಾಗ."

ಸಿದ್ದಪ್ಪ ಚಮಚ ಕೆಳಗಿಟ್ಟ. ಧಂಧೆಯ ಮಾತು ಅವನಿಗೆ ಬೇಗ ತಿಳಿಯುತ್ತದೆ.

"ನಿದ್ದಿ ಮಾಡಿ ಎದ್ದ ಮ್ಯಾಲ, ಹಾಲಿಗೆ ಅಳೂಕಿಂತ ಮೊದಲ ಕುಂದರಸ್ರಿ," ಎಂದಳು ಅಮೀನಾಬಿ. "ನೆಟ್ಟಗ ಕುಂದರಸ್ರಿ, ತೊಡಿ ಮ್ಯಾಲ ಅಡ್ಡ ಮಲಗಿಸಿ ಅಲ್ಲ. ನೀವು ಎದುರಿಗೆ ಕುಂತು, ಅದನ್ನ ತಾಟಿಗೆ ಹಾಕ್ಕೊಂಡು ಮೊದಲ ನೀವ ಉಣ್ರಿ. ಕೂಸುಗಳು ನೋಡಿ ಕಲೀತಾವ. ಮುಂದ ಬಂದು ಬಾಯಿ ತೆಗೆದರ ಕೊಡ್ರಿ. ಮುಖ ತಿರಿವಿದರ ಬಿಡ್ರಿ. ಮೊದಲಿಗೆ ಎರಡು ಚಮಚ ಹೋದರ ಬಾಳ ಆತು."

"ನಾ ಉಣಬೇಕ? ಇದನ್ನ? ಉಪ್ಪಿಲ್ಲದ್ದನ್ನ?"

"ನಿಮಗ ಸೇರದ್ದು ಅಕಿಗೆ ಹೆಂಗ ಸೇರಬೇಕ್ರಿ?"

ಅಂದು ಸಂಜೆ ಖಾನಾವಳಿಯಲ್ಲಿ ಸಿದ್ದಪ್ಪ ರೊಟ್ಟಿ ಬುಟ್ಟಿ ಹಿಡಿದು ಬಡಿಸಲು ಬಂದ. ನಾಲ್ಕು ಜನ "ಸಾಕ್ರಿ" ಎಂದರು, ಅವನು ರೊಟ್ಟಿ ಹಾಕದೆ ಮುಂದೆ ಹೋದ. ಆ ನಾಲ್ವರೂ ಗಾಬರಿಯಾಗಿ, ಮಾಲಕರಿಗೆ ಮೈಯಲ್ಲಿ ಹುಷಾರಿಲ್ಲವೇ ಎಂದು ಮಾಳವ್ವನನ್ನು ವಿಚಾರಿಸಿ ಹೋದರು.

ಶುಕ್ರವಾರ. ಕೊನೆಯ ದಿನ. ಸಿದ್ದಪ್ಪ ಹನ್ನೊಂದಕ್ಕೇ ಬಂದು ತೊಟ್ಟಿಲ ಪಕ್ಕದಲ್ಲಿ ಕುಳಿತ. ಯಾರೂ ಕೆಮ್ಮುವಂತಿಲ್ಲ, ಯಾರೂ ಪಾತ್ರೆ ಸದ್ದು ಮಾಡುವಂತಿಲ್ಲ ಎಂದು ಅಪ್ಪಣೆಯಾಯಿತು. ಹನ್ನೆರಡೂವರೆಗೆ ಕೂಸು ಎದ್ದಿತು. ಉಮಾಶ್ರೀ ಅದನ್ನು ಗೋಡೆಗೆ ದಿಂಬಿಟ್ಟು ನೆಟ್ಟಗೆ ಕೂರಿಸಿದಳು. ಸಿದ್ದಪ್ಪ ಎದುರಿಗೆ ಚಕ್ಕಳಮಕ್ಕಳ ಹಾಕಿ ಕುಳಿತು, ತಾಟಿಗೆ ಅನ್ನಬೇಳೆ ಬಡಿಸಿಕೊಂಡ. ಉಪ್ಪಿಲ್ಲ. ಖಾರವಿಲ್ಲ. ಒಗ್ಗರಣೆಯಿಲ್ಲ. ಚಟ್ನಿಯಂಥ ಖಾರದ ಹಿಂಡಿ ಇಲ್ಲದೆ ಒಂದು ಬಾಳೆಹಣ್ಣನ್ನೂ ತಿನ್ನದ ಮನುಷ್ಯ ಕಣ್ಣು ಮುಚ್ಚಿ ಒಂದು ತುತ್ತು ಬಾಯಿಗಿಟ್ಟುಕೊಂಡ.

"ನಕ್ಕೋಂತ ತಿನ್ನಣ್ಣಾ," ಎಂದಳು ಉಮಾಶ್ರೀ. "ಯಾರೋ ಸತ್ತಂಗ ಮುಖ ಮಾಡಬ್ಯಾಡ."

ಸಿದ್ದಪ್ಪ ನಕ್ಕ. ಆ ನಗುವಿನ ಹಿಂದೆ ಎಷ್ಟು ಕಷ್ಟವಿತ್ತೆಂದು ಅವನಿಗೇ ಗೊತ್ತು. ಬಾಯಿ ಚಪ್ಪರಿಸಿದ. "ಆಹಾ, ಏನ ರುಚಿ" ಎಂದು ಜೀವಮಾನದಲ್ಲಿ ಮೊದಲ ಬಾರಿ ಅಡುಗೆಯ ವಿಷಯದಲ್ಲಿ ಸುಳ್ಳು ಹೇಳಿದ. ಎರಡನೇ ತುತ್ತು ಎತ್ತುವಾಗ ದಾನೇಶ್ವರಿಯ ಕಣ್ಣು ತಾಟಿನಿಂದ ಅವನ ಬಾಯಿಗೆ, ಬಾಯಿಯಿಂದ ತಾಟಿಗೆ ಓಡಾಡತೊಡಗಿತ್ತು. ಮೂರನೆಯದಕ್ಕೆ ಅವಳ ಬಾಯಿಯೂ ಅವನ ಜೊತೆಗೆ ಅಲ್ಲಾಡಿತು. ನಾಲ್ಕನೆಯದಕ್ಕೆ ದಿಂಬು ಬಿಟ್ಟು ಮುಂದೆ ಬಾಗಿ, ಬಾಯಿ ತೆರೆದಳು.

ಸಿದ್ದಪ್ಪ ಚಮಚ ಮುಂದೆ ಹಿಡಿದ. ಚಮಚ ಒಳಗೆ ಹೋಯಿತು. ಬಾಯಿ ಮುಚ್ಚಿತು. ಗಂಟಲು ಸಣ್ಣಗೆ ಅಲುಗಿತು, ನುಂಗಿದಳು. ನುಂಗಿ, ಇನ್ನೊಮ್ಮೆ ಬಾಯಿ ತೆರೆದಳು.

ಸಿದ್ದಪ್ಪನ ಕಣ್ಣಲ್ಲಿ ನೀರು ಬಂತು. "ನಿಮ್ಮವ್ವನೂ ಹಿಂಗ ಬಾಯಿ ತೆಗೀತಿದ್ಲು," ಎಂದ ಅವಳಿಗೆ. ಉಮಾಶ್ರೀಯೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ಚನ್ನಬಸವ್ವ ದೇವರ ಮುಂದೆ ದೀಪ ಹಚ್ಚಿದಳು. ವಿಶಾಲ ಮೊಬೈಲ್ ಕೆಳಗಿಟ್ಟ.

ಆ ಸಂಜೆ ಖಾನಾವಳಿಯಲ್ಲಿ ಎಲ್ಲರಿಗೂ ಹೋಳಿಗೆ. ಹಿಂದಿನ ಭಾನುವಾರ ನಕ್ಕಿದ್ದ ನಲವತ್ತು ಜನರಿಗೂ ಸಿದ್ದಪ್ಪ ಒಬ್ಬೊಬ್ಬರಿಗೇ ಫೋನ್ ಮಾಡಿದ. "ಉಂಡ್ಲು. ನನ್ನ ಕೈಯಿಂದನ ಉಂಡ್ಲು. ಹೆಂಗ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಇಟ್ಟ.

ಇಲ್ಲಿಗೆ ಕಥೆ ಮುಗಿಸಿದ್ದರೆ ಸಿದ್ದಪ್ಪ ಇವತ್ತಿಗೂ ಸುಖವಾಗಿರುತ್ತಿದ್ದ. ಆದರೆ ಶನಿವಾರ ಮಧ್ಯಾಹ್ನ ಹನ್ನೆರಡೂ ಮುಕ್ಕಾಲಿಗೆ ಫೋನ್ ಬಂತು.

"ಅಣ್ಣಾ, ನಾ ಕೊಟ್ಟರ ಬಾಯಿ ತಗ್ಯಾವಲ್ಲಳು."

"ಹೌದಾ?" ಎಂದ ಸಿದ್ದಪ್ಪ. ದನಿಯಲ್ಲಿ ದುಃಖ ತರಲು ನೋಡಿದ, ಬರಲಿಲ್ಲ. "ನೀನೂ ಎದುರಿಗೆ ಕುಂತು ತಿನ್ನು."

"ಅರ್ಧ ಬಟ್ಟಲ ನಾನ ತಿಂದೆ. ಅತ್ತೀ ತಿಂದ್ರು. ಅಕಿ ಬಾಗಲಾ ನೋಡಾಕತ್ತಾಳ. ನೀ ಒಂದ ಸಲ ಬಂದ ಹೋಗು."

ಸಿದ್ದಪ್ಪ ಬೀಗುತ್ತ ಹೋದ. ಎದುರಿಗೆ ಕುಳಿತು ತಾನೊಂದು ತುತ್ತು ತಿಂದ. ಅವಳೊಂದು ತಿಂದಳು. ಭಾನುವಾರವೂ ಹಾಗೇ, ಸೋಮವಾರವೂ ಹಾಗೇ. ಅವನ ಜಾಗದಲ್ಲಿ ವಿಶಾಲ ಕುಳಿತು ತಿನ್ನಿಸಲು ನೋಡಿದ. ಚನ್ನಬಸವ್ವ ಹೆಗಲ ಮೇಲೆ ಸಿದ್ದಪ್ಪನ ಟವೆಲ್ ಹಾಕಿಕೊಂಡು ಕುಳಿತು ನೋಡಿದಳು. ಒಂದು ದಿನ ವಿಡಿಯೋ ಕಾಲ್ ಮಾಡಿ, ಖಾನಾವಳಿಯ ಗಲ್ಲಾದಲ್ಲಿ ಸಿದ್ದಪ್ಪ ಖಾಲಿ ಚಮಚ ನೆಕ್ಕುವುದನ್ನು ತೋರಿಸಿದರು. ಕೂಸು ಮೊಬೈಲಿನ ಹಿಂದೆ ಮಾವನನ್ನು ಹುಡುಕಿ, ಸಿಗದೆ, ಮೊಬೈಲನ್ನೇ ಕಚ್ಚಿತು.

ಎರಡನೇ ವಾರಕ್ಕೆ ಊಟ ದಿನಕ್ಕೆ ಎರಡಾಯಿತು. ತಿಂಗಳಾಗುವ ಹೊತ್ತಿಗೆ ಮೂರು. ಬೆಳಿಗ್ಗೆ ರಾಗಿ, ಮಧ್ಯಾಹ್ನ ಅನ್ನಬೇಳೆ, ಸಂಜೆ ಗೆಣಸೋ ಕುಂಬಳಕಾಯಿಯೋ. ಮೂರು ಹೊತ್ತೂ ಧಾರವಾಡದಿಂದ ಉಣಕಲ್ಲಿಗೆ, ಉಣಕಲ್ಲಿನಿಂದ ಧಾರವಾಡಕ್ಕೆ. ಮೂರು ಹೊತ್ತೂ ಅವಳಿಗೊಂದು ತುತ್ತು, ಅದಕ್ಕೂ ಮೊದಲು ಅವನಿಗೊಂದು. ಅವನು ನುಂಗಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಅವಳು ಬಾಯಿ ತೆರೆಯುತ್ತಿದ್ದಳು. ಕೂಸು ಮೈ ತುಂಬಿಕೊಂಡಿತು. ಸಿದ್ದಪ್ಪನ ಜುಬ್ಬಾದ ಗುಂಡಿಯೂ ಬಿಗಿಯಾಗತೊಡಗಿತು.

ಅದೂ ಇರಲಿ, ನಾಲಿಗೆ ಕೈಕೊಟ್ಟಿತು. ಉಪ್ಪಿಲ್ಲದ್ದು ರೂಢಿಯಾದವನಿಗೆ ತನ್ನ ಸಾರು ಸಮುದ್ರದಂತೆ ಕಂಡು, ಕೊಡ ಎತ್ತಿ ನೀರು ಸುರಿದ. ಹತ್ತು ವರ್ಷದಿಂದ ಮಧ್ಯಾಹ್ನದ ಊಟಕ್ಕೆ ಬರುವ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಬಿಂದುಮಾಧವರಾಯರು ಒಂದು ಗುಟುಕು ಕುಡಿದು ತಲೆಯೆತ್ತಿದರು.

"ಸಿದ್ದಪ್ಪ, ಸಾರಿನ್ಯಾಗ ಉಪ್ಪ ಇಲ್ಲಲ್ಲೋ."

"ನಿಮ್ಮ ನಾಲಿಗಿ ಕೆಟ್ಟೇತ್ರಿ ರಾಯರ."

"ಎಲ್ಲಾ ಟೇಬಲ್‌ನವರದೂ ಒಂದ ದಿನಕ್ಕ ಕೆಟ್ಟದ ಏನು?"

ಮಾಳವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅವನನ್ನು ಪಕ್ಕಕ್ಕೆ ಕರೆದಳು. "ಮಾಲಕರ, ಗದ್ದಲದ ಹೊತ್ತಿನ್ಯಾಗ ನೀವು ಇರಂಗಿಲ್ಲ. ಇದ್ದಾಗ ಅಡಿಗಿ ಕೆಡಸ್ತೀರಿ. ಎರಡರಾಗ ಒಂದ ಮಾಡ್ರಿ."

ಅಂದೇ ಸಂಜೆ ಉಣಕಲ್ಲಿನಲ್ಲಿ ಕುಂಬಳಕಾಯಿ ಮುಗಿಸಿ, ಬಾಯಿ ಒರೆಸಿಕೊಂಡು, ಸಿದ್ದಪ್ಪ ಘೋಷಿಸಿದ.

"ನಾಳಿಂದ ನಾ ಬರಂಗಿಲ್ಲ. ನನಗೂ ಒಂದು ಧಂಧೆ ಐತಿ. ಕೂಸಿನ ತಾಯಿ ನೀನು, ಹಡದಾಕಿ ನೀನು, ನೀ ತಿನ್ನಸು. ಯಾರ ಬಂದು ಹೇಳಿದರೂ ನಾ ಕೇಳಂಗಿಲ್ಲ."

"ಹಂಗ ಹೆಂಗಾಗತೈತಪಾ ಸಿದ್ದಪ್ಪ?" ಎಂದಳು ಚನ್ನಬಸವ್ವ, ಟೀವಿಯಿಂದ ಮುಖ ತಿರುಗಿಸದೆ. ಈ ಒಂದು ತಿಂಗಳಲ್ಲಿ ಅವಳು ಮೂರು ಧಾರಾವಾಹಿ ಹಿಡಿದಿದ್ದಳು. "ಇದು ನಿನ್ನ ಹಕ್ಕು. ನಾವ್ಯಾರೂ ಚಮಚ ಮುಟ್ಟಂಗಿಲ್ಲ ಅಂತ ನಲವತ್ತು ಮಂದಿ ಮುಂದ ನೀನ ಹೇಳೀದಿ. ನಿನ್ನ ಮಾತು ನಾವು ಮೀರಿಲ್ಲ ನೋಡು."

"ಹಕ್ಕು ಬಿಟ್ಟೆ ಅವ್ವಾರ. ಬರದ ಕೊಡ್ಲೇನು?"

"ನನಗ ಕೊಟ್ಟರ ಏನ್ ಬಂತು? ಅಕಿ ಒಪ್ಪಬೇಕಲಾ."

ಮರುದಿನ ಸಿದ್ದಪ್ಪ ಹೋಗಲಿಲ್ಲ. ಬೆಳಗಿನ ರಾಗಿಗೂ ಹೋಗಲಿಲ್ಲ. ಫೋನ್ ಬಂದು ಬಂದು ನಿಂತಿತು, ಎತ್ತಲಿಲ್ಲ. ಮಧ್ಯಾಹ್ನ ಖಾನಾವಳಿ ತುಂಬಿತ್ತು. ಅವನು ಟವೆಲ್ ಹೆಗಲಿಗೇರಿಸಿ, ರೊಟ್ಟಿ ಬುಟ್ಟಿ ಹಿಡಿದು, ಹಳೆಯ ಗತ್ತಿನಲ್ಲಿ ಓಡಾಡಿದ. ಬೇಡ ಎಂದವರಿಗೆಲ್ಲ ಎರಡೆರಡು ಹಾಕಿದ. ಆದರೆ ಹನ್ನೆರಡೂವರೆಯಾದಾಗ ಗಡಿಯಾರ ನೋಡಿದ. ಹನ್ನೆರಡೂ ಮೂವತ್ತೈದಕ್ಕೆ ಮತ್ತೆ ನೋಡಿದ. ಈಗ ಎದ್ದಿರುತ್ತಾಳೆ. ಬಾಗಿಲು ನೋಡುತ್ತಿರುತ್ತಾಳೆ. ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ಅದು ಹಸಿವೆ ಎಂದು ತನಗೆ ತಾನೇ ಹೇಳಿಕೊಂಡ.

ಹನ್ನೆರಡೂ ಮುಕ್ಕಾಲಿಗೆ ಬಾಗಿಲಲ್ಲಿ ಆಟೋ ನಿಂತಿತು. ಉಮಾಶ್ರೀ ಇಳಿದಳು, ಕಂಕುಳಲ್ಲಿ ಕೂಸು. ಹಿಂದೆ ಚನ್ನಬಸವ್ವ, ಕೈಯಲ್ಲಿ ಡಬ್ಬಿಯ ಚೀಲ. ಯಾರನ್ನೂ ಕೇಳದೆ ಬಂದು, ಬಿಂದುಮಾಧವರಾಯರ ಎದುರಿಗೆ ಖಾಲಿಯಿದ್ದ ಬೆಂಚಿನ ಮೇಲೆ ಕುಳಿತರು. ಉಮಾಶ್ರೀ ಡಬ್ಬಿ ತೆಗೆದು ಒಂದು ಚಮಚ ಮುಂದೆ ಹಿಡಿದಳು. ದಾನೇಶ್ವರಿಯ ತುಟಿ ಬಿಗಿಯಾಯಿತು.

ಸಿದ್ದಪ್ಪ ಅತ್ತ ನೋಡಲಿಲ್ಲ. ನೋಡುವುದಿಲ್ಲವೆಂದು ಆಣೆ ಹಾಕಿದ್ದ. ಬುಟ್ಟಿ ಹಿಡಿದು ಆ ಬೆಂಚನ್ನು ದಾಟಿ ಹೋದ. ಹಿಂದಿನಿಂದ "ಆ" ಎಂಬ ಸಣ್ಣ ದನಿ ಕೇಳಿತು. ತಿರುಗಿ ನೋಡಿದ. ದಾನೇಶ್ವರಿ ಅವನ ಕಡೆ ಎರಡೂ ಕೈ ಚಾಚಿ, ಇದ್ದಷ್ಟು ಬಾಯಿ ತೆರೆದಿದ್ದಳು.

ರೊಟ್ಟಿ ಬುಟ್ಟಿ ಎಲ್ಲಿಟ್ಟನೋ ಅವನಿಗೇ ಗೊತ್ತಿಲ್ಲ. ಬಂದು ಎದುರಿಗೆ ಕುಳಿತ. ಉಪ್ಪಿಲ್ಲದ್ದು ಅಡುಗೆಯೇ ಅಲ್ಲ ಎಂದು ದಿನವೂ ಅವನಿಂದ ಉಪದೇಶ ಕೇಳುತ್ತಿದ್ದ ಅರವತ್ತು ಜನರ ಮುಂದೆ, ಮೊದಲ ತುತ್ತು ತಾನು ತಿಂದು, ಚಪ್ಪರಿಸಿ, "ಆಹಾ" ಎಂದ.

"ಸಿದ್ದಪ್ಪ, ರೊಟ್ಟಿ," ಎಂದರು ರಾಯರು, ಖಾಲಿ ತಾಟು ಮುಂದೆ ಸರಿಸಿ.

"ಸುಮ್ಮನ ಕುಂದರ್ರಿ ರಾಯರ," ಎಂದ ಸಿದ್ದಪ್ಪ. "ಯಾರಿಗೂ ಈಗ ರೊಟ್ಟಿ ಇಲ್ಲ. ನನ್ನ ಸೊಸಿ ಉಣ್ಣಾಕತ್ತಾಳ, ಕಾಣಂಗಿಲ್ಲೇನು?"

ರಾಯರು ತಾಟು ಹಿಡಿದುಕೊಂಡು ಎದ್ದು, ತಾವೇ ಮಾಳವ್ವನ ಒಲೆಯ ಕಡೆ ನಡೆದರು. ಅವರ ಹಿಂದೆ ನಾಲ್ಕಾರು ಹುಡುಗರೂ ಎದ್ದರು. ಸಿದ್ದಪ್ಪ ಯಾರನ್ನೂ ಲೆಕ್ಕಿಸಲಿಲ್ಲ. ಅವಳಿಗೊಂದು ಚಮಚ ಕೊಟ್ಟು, ತನ್ನ ಬಾಯಿಗೆ ಇನ್ನೊಂದು ದೊಡ್ಡ ತುತ್ತು ಹಾಕಿಕೊಂಡ.

ಚನ್ನಬಸವ್ವ ಬೆಂಚಿನ ಮೇಲೆ ಆರಾಮಾಗಿ ಒರಗಿ, ಸುತ್ತ ಕಣ್ಣಾಡಿಸಿದಳು. "ಉಮಾ, ಇಲ್ಲಿ ಗಾಳಿ ಛಲೋ ಬರತೈತಿ ನೋಡು. ದಿನಾ ಆತನ ಯಾಕ ಅಷ್ಟು ದೂರ ಓಡಾಡಸೂದು? ನಾಳಿಂದ ಮುಂಜಾನೆ ಬಂದ ಬಿಡೂಣು. ತೊಟ್ಟಿಲ ಈ ಮೂಲ್ಯಾಗ ಕಟ್ಟೂಣು, ಸಂಜಿ ಊಟಾನೂ ಮುಗಿಸಿಕೊಂಡ ಹೋದರಾತು. ಹೆಂಗೂ ನಮಗೂ ಇಲ್ಲೇ ಊಟ ಆಗತೈತಿ. ಏನಂತಿಪಾ ಸಿದ್ದಪ್ಪ?"

ಬ್ಯಾಡ ಎನ್ನಬೇಕೆಂದು ಸಿದ್ದಪ್ಪ ತಲೆಯೆತ್ತಿದ. ಆದರೆ ಬಾಯಿ ತುಂಬ ಉಪ್ಪಿಲ್ಲದ ಅನ್ನವಿತ್ತು, ಎದುರಿಗೆ ಕೂಸು ಅವನ ಗಂಟಲನ್ನೇ ನೋಡುತ್ತ ಕುಳಿತಿತ್ತು. ಅವನು ಮೊದಲು ನುಂಗಿದ.